ರಿಕಾಲ್ ರಿಪೇರಿಯಾದ ಐದೇ ತಿಂಗಳಿಗೆ ಎಂಜಿನ್ ನಿಂತುಹೋಯಿತು: ಬಿಚ್ಚಿಸುವ ಮೊದಲು ಏನು ಮಾಡಬೇಕು?

ಪ್ರಶ್ನೆ: ನನ್ನದು 12 ವರ್ಷದ ಪೆಟ್ರೋಲ್ ಕಾರು, 1,62,000 ಕಿ.ಮೀ. ಓಡಿದೆ. ಕನೆಕ್ಟಿಂಗ್ ರಾಡ್ ಬೇರಿಂಗ್ ಬೇಗ ಸವೆಯುತ್ತದೆ ಎಂಬ ಕಾರಣಕ್ಕೆ ಕಂಪನಿಯವರು ಈ ಮಾದರಿಯನ್ನು ರಿಕಾಲ್ ಮಾಡಿದ್ದರು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಸಿದ್ದರು. ಐದು ತಿಂಗಳ ಹಿಂದೆ ಅಧಿಕೃತ ಸರ್ವಿಸ್ ಸೆಂಟರಿಗೆ ಬಿಟ್ಟೆ. ಪರೀಕ್ಷೆ ಮಾಡಿ, "ಬೇರಿಂಗ್ ಸರಿಯಿದೆ, ಎಂಜಿನ್ ಬದಲಿಸಬೇಕಾಗಿಲ್ಲ" ಎಂದು ಹೇಳಿ, ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ, ಆಯಿಲ್ ಬದಲಿಸಿ ಕೊಟ್ಟರು. ಅಲ್ಲಿಂದ 4,200 ಕಿ.ಮೀ. ಓಡಿಸಿದ್ದೇನೆ. ಹೋದ ವಾರ ಹೆದ್ದಾರಿಯ ತಿರುವುಗಳಲ್ಲಿ ಆಯಿಲ್ ದೀಪ ಎರಡು ಮೂರು ಸಲ ಮಿನುಗಿ ಆರಿತು. ಇನ್ನೊಂದು ಇಪ್ಪತ್ತು ಕಿ.ಮೀ. ಹೋಗುವಷ್ಟರಲ್ಲಿ ಕಟಕಟ ಸದ್ದು ಶುರುವಾಗಿ ಎಂಜಿನ್ ಒಮ್ಮೆಲೇ ನಿಂತಿತು. ಈಗ ಕೀ ತಿರುಗಿಸಿದರೆ "ಟಕ್" ಎನ್ನುತ್ತದೆ ಅಷ್ಟೆ, ಎಂಜಿನ್ ತಿರುಗುವುದಿಲ್ಲ. ಸರ್ವಿಸ್ ಸೆಂಟರಿನವರು "ಸೀಜ್ ಆಗಿದೆ, ಹೊಸ ಎಂಜಿನ್ನೇ ಗತಿ, ರಿಕಾಲ್‌ಗೂ ಇದಕ್ಕೂ ಸಂಬಂಧವಿಲ್ಲ" ಎನ್ನುತ್ತಾರೆ. ಪರಿಚಯದ ಮೆಕ್ಯಾನಿಕ್ "ಆ ಸಾಫ್ಟ್‌ವೇರೇ ಎಂಜಿನ್ ಕೆಡಿಸಿತು" ಎನ್ನುತ್ತಾರೆ. ಯಾರನ್ನು ನಂಬಲಿ? ಬೇರೆ ಕಾರಿನಿಂದ ತೆಗೆದ ಎಂಜಿನ್ ಹಾಕಿಸಬಹುದೇ, ಇಲ್ಲಾ ಹೀಗೇ ಮಾರಿಬಿಡಲೇ?

ಉತ್ತರ: ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಇಬ್ಬರೂ ಎಂಜಿನ್ ಒಳಗೆ ಇನ್ನೂ ಇಣುಕಿ ನೋಡಿಲ್ಲ. ತಪ್ಪು ಯಾರದು, ಖರ್ಚು ಯಾರ ತಲೆಗೆ ಎಂಬುದು ನಿಮ್ಮ ಚಿಂತೆ. ಇವೆರಡಕ್ಕೂ ಉತ್ತರ ಇರುವುದು ಸಂಪ್‌ನಲ್ಲಿ (ಎಂಜಿನ್ ತಳದ ಆಯಿಲ್ ತಟ್ಟೆಯಲ್ಲಿ) ಉಳಿದಿರುವ ಆಯಿಲ್‌ನಲ್ಲಿ, ಆಯಿಲ್ ಫಿಲ್ಟರಿನ ಮಡಿಕೆಗಳಲ್ಲಿ, ಎಂಜಿನ್ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್‌ಗಳಲ್ಲಿ. ಯಾರೋ ಆಯಿಲ್ ಚೆಲ್ಲಿ, ಫಿಲ್ಟರ್ ಎಸೆದು, ಕೋಡ್ ಅಳಿಸಿಬಿಟ್ಟರೆ ಆಮೇಲೆ ಉಳಿಯುವುದು ಬರೀ ವಾದ. ಆದ್ದರಿಂದ ಹೊಸ ಎಂಜಿನ್ನಿಗೆ ಒಪ್ಪಿ ಸಹಿ ಹಾಕುವ ಮುನ್ನ "ಮುಂದಿನ ಸೂಚನೆ ಕೊಡುವವರೆಗೆ ಏನನ್ನೂ ಬಿಚ್ಚಬೇಡಿ, ಆಯಿಲ್ ಇಳಿಸಬೇಡಿ, ಕೋಡ್ ಅಳಿಸಬೇಡಿ" ಎಂದು ಇಂದೇ ಲಿಖಿತವಾಗಿ ಕೊಡಿ. ಕಾರು ಅಲ್ಲೇ ನಿಂತಿರುವಷ್ಟು ದಿನ ಬಾಡಿಗೆ ಹಾಕುತ್ತಾರೆಯೇ ಎಂದೂ ಅದೇ ಪತ್ರದಲ್ಲಿ ಕೇಳಿಬಿಡಿ.

ನಿಜಕ್ಕೂ ಸೀಜ್ ಆಗಿದೆಯೇ?

"ಟಕ್" ಎಂದ ಮಾತ್ರಕ್ಕೆ ಎಂಜಿನ್ ಸೀಜ್, ಅಂದರೆ ಒಳಗೇ ಬಿಗಿದುಕೊಂಡು ನಿಂತಿದೆ, ಎನ್ನಲಾಗದು. ಬ್ಯಾಟರಿ ಇಳಿದಿದ್ದರೂ, ಟರ್ಮಿನಲ್ ತುಕ್ಕು ಹಿಡಿದಿದ್ದರೂ, ಸ್ಟಾರ್ಟರ್ ಕೆಟ್ಟಿದ್ದರೂ ಅದೇ ಸದ್ದು ಬರುತ್ತದೆ. ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಮೊದಲು ಬ್ಯಾಟರಿಯನ್ನೇ ಅನುಮಾನಿಸಬೇಕು. ಆಲ್ಟರ್ನೇಟರ್ ಅಥವಾ ಎ.ಸಿ. ಕಂಪ್ರೆಸರ್ ಜಾಮ್ ಆಗಿ ಬೆಲ್ಟ್ ಮೂಲಕ ಎಂಜಿನ್ನನ್ನು ಹಿಡಿದಿಟ್ಟಿರುವುದೂ ಉಂಟು. ಬೆಲ್ಟ್ ಬಿಚ್ಚಿದರೆ ಅದು ಗೊತ್ತಾಗುತ್ತದೆ.

ಇವೆಲ್ಲ ಸರಿಯಿದ್ದರೆ ಗೇರು ನ್ಯೂಟ್ರಲ್‌ಗೆ ಹಾಕಿ, ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ತೆಗೆದು, ಕ್ರ್ಯಾಂಕ್ ಪುಲ್ಲಿಯ (ಎಂಜಿನ್ನಿನ ಮುಖ್ಯ ಶಾಫ್ಟ್ ತುದಿಯ ಚಕ್ರದ) ಬೋಲ್ಟಿಗೆ ಉದ್ದ ಹಿಡಿಕೆಯ ಸಾಕೆಟ್ ಹಾಕಿ ಕೈಯಿಂದ ತಿರುಗಿಸಿ ನೋಡಬೇಕು. ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಬೇಕು. ಹೆಚ್ಚಿನ ಎಂಜಿನ್‌ಗಳಲ್ಲಿ ಪುಲ್ಲಿಯ ಕಡೆಯಿಂದ ನೋಡಿದರೆ ಅದು ಬಲಕ್ಕೆ. ಪೂರ್ತಿ ಎರಡು ಸುತ್ತು ಬಂದರೆ ಸೀಜ್ ಆಗಿಲ್ಲ. ಪ್ಲಗ್ ತೂತಿನಿಂದ ನೀರು ಚಿಮ್ಮಿದರೆ ಸಿಲಿಂಡರಿಗೆ ನೀರು ಅಥವಾ ಕೂಲೆಂಟ್ ಹೋಗಿದೆ. ಪ್ಲಗ್ ಹಾಕಿದ ಮೇಲೂ ಬಿಗಿಯೇ ಇಲ್ಲದೆ ತಿರುಗಿದರೆ ಟೈಮಿಂಗ್ ಬೆಲ್ಟೋ ಚೈನೋ ಹೋಗಿ ವಾಲ್ವ್ ಬಾಗಿರಬಹುದು. ಒಂದೇ ಜಾಗದಲ್ಲಿ ಗಟ್ಟಿಯಾಗಿ ತಡೆದರೆ ಒಳಗೆ ಏನೋ ಮುರಿದು ಅಡ್ಡ ಬಂದಿದೆ. ಅಲುಗಾಡದಿದ್ದರೆ ಅಲ್ಲಿಗೇ ಬಿಡಿ. ಬಲ ಹಾಕಿದರೆ, ಗೇರಿನಲ್ಲಿಟ್ಟು ಎಳೆಸಿದರೆ ಒಳಗಿನ ಗುರುತುಗಳು ಹಾಳಾಗುತ್ತವೆ.

ಇಷ್ಟು ವಿವರ ಹೇಳಲು ಕಾರಣವಿದೆ. ಓಡುತ್ತಿದ್ದ ಕಾರು ಒಮ್ಮೆಲೇ ನಿಂತ ಮಾತ್ರಕ್ಕೆ ಎಂಜಿನ್ ಸತ್ತಿರಬೇಕೆಂದಿಲ್ಲ. 2014ರಲ್ಲಿ ಜನರಲ್ ಮೋಟಾರ್ಸ್ ಲಕ್ಷಾಂತರ ಕಾರುಗಳನ್ನು ರಿಕಾಲ್ ಮಾಡಿದ್ದು ಇಗ್ನಿಷನ್ ಸ್ವಿಚ್ ಓಡುವಾಗಲೇ ಜಾರಿ ಎಂಜಿನ್ ಆಫ್ ಆಗುತ್ತಿದ್ದುದಕ್ಕೆ. ಏರ್‌ಬ್ಯಾಗೂ ಜತೆಗೇ ಸ್ತಬ್ಧವಾಗುತ್ತಿತ್ತು. 2020ರಲ್ಲಿ ಟೊಯೊಟಾ ರಿಕಾಲ್ ಮಾಡಿದ್ದು ಇಂಧನ ಪಂಪಿಗಾಗಿ. ಒಳಗಿನ ಪ್ಲಾಸ್ಟಿಕ್ ಇಂಪೆಲ್ಲರ್ ಉಬ್ಬಿ ಪಂಪ್ ನಿಲ್ಲುತ್ತಿತ್ತು. ಎರಡರಲ್ಲೂ ಎಂಜಿನ್‌ಗೆ ಏನೂ ಆಗಿರುತ್ತಿರಲಿಲ್ಲ. ಆದರೆ ನಿಮ್ಮ ಕಾರಿನಲ್ಲಿ ಮೊದಲು ಆಯಿಲ್ ದೀಪ, ಆಮೇಲೆ ಕಟಕಟ, ಆಮೇಲೆ ಬಂದ್. ಈ ಕ್ರಮ ನೋಡಿದರೆ ಬೇರಿಂಗ್ ಹೋಗಿರುವ ಸಾಧ್ಯತೆಯೇ ಹೆಚ್ಚು.

ಬೇರಿಂಗ್ ಹೇಗೆ ಹೋಗುತ್ತದೆ

ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಿಸುವ ದಂಡವೇ ಕನೆಕ್ಟಿಂಗ್ ರಾಡ್. ಅದರ ಬೇರಿಂಗ್ ಎಂದರೆ ಗುಂಡುಗಳಿರುವ ಬೇರಿಂಗಲ್ಲ. ಅರ್ಧಚಂದ್ರದ ಎರಡು ತೆಳು ಲೋಹದ ಬಿಲ್ಲೆಗಳು. ಅವಕ್ಕೂ ಕ್ರ್ಯಾಂಕ್‌ಶಾಫ್ಟ್‌ಗೂ ನಡುವೆ ಸಾಮಾನ್ಯವಾಗಿ 0.02ರಿಂದ 0.06 ಮಿ.ಮೀ. ಸಂದು, ಅಂದರೆ ಒಂದು ತಲೆಗೂದಲೂ ಹಿಡಿಸದಷ್ಟು. ಆ ಸಂದಿನಲ್ಲಿ ನಿಲ್ಲುವ ಆಯಿಲ್ ಪದರದ ಮೇಲೆ ಶಾಫ್ಟ್ ತೇಲುತ್ತಾ ತಿರುಗುತ್ತದೆ. ಲೋಹಕ್ಕೆ ಲೋಹ ತಾಗಬಾರದು. ಒಂದು ಚೂರು ಕಸ ಒಳಗೆ ಹೋದರೆ ಗೀರು ಬೀಳುತ್ತದೆ. ಗೀರು ಬಿದ್ದರೆ ಸಂದು ಹಿಗ್ಗಿ ಆಯಿಲ್ ಬೇಗ ಸೋರಿ ಹೋಗುತ್ತದೆ. ಪದರ ನಿಲ್ಲದಾದಾಗ ಕಟಕಟ ಶುರು. ಕೊನೆಗೆ ಬಿಲ್ಲೆ ತನ್ನ ಜಾಗದಲ್ಲೇ ತಿರುಗಿ, ಆಯಿಲ್ ಬರುವ ತೂತನ್ನು ತಾನೇ ಮುಚ್ಚಿಬಿಡುತ್ತದೆ. ಅಲ್ಲಿಂದ ಮುಂದೆ ಉಳಿಯುವುದು ನಿಮಿಷಗಳು. ಒಂದೋ ಕಾದು ಅಂಟಿಕೊಳ್ಳುತ್ತದೆ, ಇಲ್ಲವೇ ರಾಡ್ ಮುರಿದು ಬ್ಲಾಕಿಗೆ ತೂತು ಮಾಡುತ್ತದೆ.

ಈ ಬಗೆಯ ದೋಷಕ್ಕೆ ರಿಕಾಲ್ ಆದದ್ದು ಹೊಸದೇನಲ್ಲ. ಕ್ರ್ಯಾಂಕ್‌ಶಾಫ್ಟ್ ತಯಾರಿಕೆಯಲ್ಲಿ ಆಯಿಲ್ ದಾರಿಗಳಲ್ಲಿ ಉಳಿದ ಲೋಹದ ಚೂರುಗಳಿಗಾಗಿ ಹುಂಡೈ 2015ರಲ್ಲಿ ಅಮೆರಿಕದಲ್ಲಿ 2011 ಮತ್ತು 2012ರ ಸೊನಾಟಾ ಕಾರುಗಳನ್ನು ರಿಕಾಲ್ ಮಾಡಿತು. 2024ರಲ್ಲಿ ಟೊಯೊಟಾ ಕೂಡ ಎಂಜಿನ್ ಒಳಗೆ ಉಳಿದ ಇಂಥದೇ ಚೂರುಗಳ ಕಾರಣಕ್ಕೆ ಟುಂಡ್ರಾ ವಾಹನಗಳನ್ನು ರಿಕಾಲ್ ಮಾಡಿತು.

ಈಗ ಸಾಫ್ಟ್‌ವೇರ್ ವಿಷಯ. ಇಂಥ ರಿಕಾಲ್‌ಗಳಲ್ಲಿ ಹಾಕುವ ಅಪ್‌ಡೇಟ್ ನಾಕ್ ಸೆನ್ಸರ್ ಮೂಲಕ ಎಂಜಿನ್ನಿನ ಕಂಪನವನ್ನು ಕೇಳುತ್ತಿರುತ್ತದೆ. ಬೇರಿಂಗ್ ಸಡಿಲಾದ ಸದ್ದು ಸಿಕ್ಕರೆ ದೀಪ ಹೊತ್ತಿಸಿ ಎಂಜಿನ್ ಶಕ್ತಿ ಇಳಿಸುತ್ತದೆ. ಅದು ಬೇರಿಂಗ್ ಮೇಲೆ ಹೆಚ್ಚಿನ ಭಾರ ಹೇರುವುದಿಲ್ಲ, ಹಾಗಾಗಿ "ಸಾಫ್ಟ್‌ವೇರ್ ಕೆಡಿಸಿತು" ಎಂಬುದಕ್ಕೆ ಆಧಾರವಿಲ್ಲ. ಆದರೆ ಅದು ಬೇರಿಂಗನ್ನು ಸರಿ ಮಾಡುವುದೂ ಇಲ್ಲ, ಆಯಿಲ್ ತುಂಬಿಸುವುದೂ ಇಲ್ಲ. ಅದು ಕಾವಲುಗಾರ, ವೈದ್ಯನಲ್ಲ. "ಬೇರಿಂಗ್ ಸರಿಯಿದೆ" ಎಂಬ ಫಲಿತಾಂಶವೂ ಆ ದಿನದ್ದು ಮಾತ್ರ. ಆಯಿಲ್ ದಾರಿಯಲ್ಲಿ ಅಂಟಿ ಕೂತ ಚೂರು ಮಾರನೆಯ ದಿನ ಹೊರಡಬಹುದು. ಆ ಪರೀಕ್ಷೆಗೆ ಅದು ಕಾಣುವುದಿಲ್ಲ. ಸರ್ವಿಸ್ ಸೆಂಟರಿನವರು ಬಿಚ್ಚಿ ನೋಡದೆ "ಸಂಬಂಧವಿಲ್ಲ" ಎಂದದ್ದು ಸಹ ಅಷ್ಟೇ ಆಧಾರವಿಲ್ಲದ ಮಾತು.

ಆಯಿಲ್ ದೀಪ ಹೇಳಿದ್ದೇನು

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ಒಂದೇ ಸಾಲು: ತಿರುವುಗಳಲ್ಲಿ ದೀಪ ಮಿನುಗಿ ಆರಿತು. ಆ ಕೆಂಪು ದೀಪ ತೋರಿಸುವುದು ಆಯಿಲ್ ಎಷ್ಟಿದೆ ಎಂಬುದನ್ನಲ್ಲ, ಒತ್ತಡವನ್ನು. ಬಿಸಿ ಎಂಜಿನ್ ಐಡಲ್‌ನಲ್ಲಿ ಸುಮಾರು 1 ಬಾರ್, ವೇಗದಲ್ಲಿ 3ರಿಂದ 5 ಬಾರ್ ಒತ್ತಡ ಇರಬೇಕು. ದೀಪ ಹೊತ್ತುವುದು ಅದು 0.3ರಿಂದ 0.5 ಬಾರ್‌ಗೆ ಕುಸಿದಾಗ. ಅಂದರೆ ದೀಪ ಕಾಣುವ ಹೊತ್ತಿಗೆ ಬೇರಿಂಗ್ ಒಣಗತೊಡಗಿರುತ್ತದೆ. ತಿರುವಿನಲ್ಲಿ ಮಾತ್ರ ಮಿನುಗಿದರೆ ಸಂಪ್‌ನಲ್ಲಿ ಆಯಿಲ್ ತುಂಬಾ ಇಳಿದು, ಒಂದು ಪಕ್ಕಕ್ಕೆ ಓಲಿದಾಗ ಪಂಪಿನ ಬಾಯಿಗೆ ಗಾಳಿ ಸಿಗುತ್ತಿದೆ ಎಂದು ಅರ್ಥ.

ಆಯಿಲ್ ಎಲ್ಲಿ ಹೋಯಿತು? ನೆಲದ ಮೇಲೆ ಒಂದು ಹನಿಯೂ ಬೀಳದೆ ಖಾಲಿಯಾಗಬಲ್ಲದು. ಪಿಸ್ಟನ್‌ನ ಆಯಿಲ್ ರಿಂಗ್‌ಗಳು ಮಸಿಯಿಂದ ಅಂಟಿಕೊಂಡಿದ್ದರೆ, ವಾಲ್ವ್ ಸೀಲ್ ಗಟ್ಟಿಯಾಗಿದ್ದರೆ, ಎಂಜಿನ್ ಒಳಗಿನ ಆವಿ ಹೊರಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರೆ ಎಂಜಿನ್ ಆಯಿಲನ್ನು ಸುಟ್ಟುಬಿಡುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಇರುವುದರಿಂದ ಹೊಗೆಯೂ ಕಣ್ಣಿಗೆ ಬೀಳದೆ ಹೋಗಬಹುದು. ಲೆಕ್ಕ ಹಾಕಿ ನೋಡಿ: 1,000 ಕಿ.ಮೀ.ಗೆ 600 ಮಿ.ಲೀ. ಸುಟ್ಟರೆ 4,200 ಕಿ.ಮೀ.ಗೆ ಎರಡೂವರೆ ಲೀಟರ್. ನಾಲ್ಕೂವರೆ ಲೀಟರ್ ಹಿಡಿಯುವ ಎಂಜಿನ್ನಿನಲ್ಲಿ ಉಳಿಯುವುದು ಎರಡೇ. ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಇರುವುದು ಸಾಮಾನ್ಯವಾಗಿ ಒಂದು ಲೀಟರಿನಷ್ಟು, ಅಂದರೆ ಕೆಳಗಿನ ಗೆರೆ ದಾಟಿ ಎಷ್ಟೋ ದಿನವಾಗಿರುತ್ತದೆ.

ಈ ಐದು ತಿಂಗಳಲ್ಲಿ ಡಿಪ್‌ಸ್ಟಿಕ್ ನೋಡಿದ್ದರ ಬಗ್ಗೆ ನೀವು ಬರೆದಿಲ್ಲ. ನೋಡಿರದಿದ್ದರೆ ಕಂಪನಿಯವರು ಅದನ್ನೇ ಎತ್ತಿ ಹಿಡಿಯುತ್ತಾರೆ. ದೀಪ ಮಿನುಗಿದ ಮೇಲೆ ಓಡಿಸಿದ ಇಪ್ಪತ್ತು ಕಿ.ಮೀ.ಯನ್ನೂ. ಇದು ನಿಮ್ಮನ್ನು ದೂರಲು ಹೇಳುತ್ತಿರುವುದಲ್ಲ. ಆ ಮಾತು ಬಂದೇ ಬರುತ್ತದೆ, ತಯಾರಾಗಿರಿ ಎಂದಷ್ಟೆ. ಮುಚ್ಚಿಡಲು ಹೋಗಬೇಡಿ, ಕಂಪ್ಯೂಟರಿನಲ್ಲಿ ಒತ್ತಡದ ಕೋಡ್ ದಾಖಲಾಗಿದ್ದರೆ ಹೇಗೂ ಹೊರಬರುತ್ತದೆ.

ಓಡುತ್ತಿರುವಾಗ ಎಂಜಿನ್ ನಿಂತರೆ ಏನು ಮಾಡಬೇಕೆಂಬುದನ್ನು ಉಳಿದವರೂ ಗಮನಿಸಿ: ನ್ಯೂಟ್ರಲ್‌ಗೆ ಹಾಕಿ, ಹಜಾರ್ಡ್ ಲೈಟ್ ಹೊತ್ತಿಸಿ, ಸ್ಟಿಯರಿಂಗ್ ಭಾರವಾಗುತ್ತದೆ ಎಂದು ತಿಳಿದೇ ಹಿಡಿಯಿರಿ. ಬ್ರೇಕ್ ಬೂಸ್ಟರಿನಲ್ಲಿ ಎರಡು ಮೂರು ಸಲ ಒತ್ತುವಷ್ಟು ಮಾತ್ರ ಬಲ ಉಳಿದಿರುತ್ತದೆ. ಒತ್ತಿ ಬಿಟ್ಟು ಮಾಡದೆ ಒಂದೇ ಸಮನೆ ಒತ್ತಿ ಹಿಡಿಯಿರಿ. ಕಾರು ಪೂರ್ತಿ ನಿಲ್ಲುವವರೆಗೆ ಕೀ ಹೊರತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆಗುತ್ತದೆ. ಕೆಂಪು ಆಯಿಲ್ ದೀಪ ಅಥವಾ ಕಟಕಟ ಸದ್ದಿನೊಂದಿಗೆ ನಿಂತಿದ್ದರೆ ಮತ್ತೆ ಸ್ಟಾರ್ಟ್ ಮಾಡಿ ನೋಡಲೂ ಹೋಗಬೇಡಿ.

ರಿಕಾಲ್ ಕೆಲಸದಲ್ಲೇ ತಪ್ಪಾಗಿರಬಹುದೇ?

ಆಗಿರಬಹುದು, ಆದರೆ ಅಂಥ ತಪ್ಪುಗಳಿಗೆ ಒಂದು ಕಾಲಮಾನ ಇದೆ. ಡ್ರೈನ್ ಬೋಲ್ಟ್ ಸಡಿಲ ಬಿಟ್ಟಿದ್ದರೆ, ಹಳೇ ಫಿಲ್ಟರಿನ ರಬ್ಬರ್ ಅಂಟಿಕೊಂಡಿದ್ದಂತೆಯೇ ಮೇಲೆ ಹೊಸ ಫಿಲ್ಟರ್ ಬಿಗಿದಿದ್ದರೆ, ಕನೆಕ್ಟರ್ ಸರಿಯಾಗಿ ಕೂರಿಸದಿದ್ದರೆ ಸಾಮಾನ್ಯವಾಗಿ ಮೊದಲ ಕೆಲವು ನೂರು ಕಿ.ಮೀ.ಯೊಳಗೇ ಗೊತ್ತಾಗುತ್ತದೆ. ಕಾರು ನಿಲ್ಲಿಸಿದ ಕಡೆ ಕಲೆಯೂ ಕಾಣುತ್ತದೆ. ನಿಧಾನವಾಗಿ ಕೊಲ್ಲುವ ತಪ್ಪು ಬೇರೆ: ಸಂಪ್ ಬಿಚ್ಚಿ ಮತ್ತೆ ಕೂರಿಸುವಾಗ ಸೀಲೆಂಟ್ ಅತಿಯಾಗಿ ಹಚ್ಚಿದರೆ ಒಳಕ್ಕೆ ಹಿಂಡಿದ ಎಳೆಗಳು ಕಳಚಿ, ಪಂಪಿನ ಜಾಲರಿಗೆ ಹೋಗಿ ಕೂರುತ್ತವೆ. ಅದು ತಿಂಗಳುಗಟ್ಟಲೆ ಹಿಡಿಯಬಹುದು. ಆದ್ದರಿಂದ ಆ ದಿನ ಸಂಪ್ ಬಿಚ್ಚಿದ್ದರೇ ಎಂಬುದು ನಿಮಗೆ ಗೊತ್ತಾಗಬೇಕಾದ ಮೊದಲ ಸಂಗತಿ, ಮತ್ತು ಅದು ಜಾಬ್ ಕಾರ್ಡಿನಲ್ಲಿ, ಅಂದರೆ ಸರ್ವಿಸ್ ಸೆಂಟರಿನ ಕೆಲಸದ ದಾಖಲೆಯಲ್ಲಿ, ಇರುತ್ತದೆ. ಜಾಬ್ ಕಾರ್ಡಿನ ಪೂರ್ತಿ ಪ್ರತಿ ಕೇಳಿ. ರಿಕಾಲ್ ಸಂಖ್ಯೆ, ಪರೀಕ್ಷೆಯಲ್ಲಿ ಬಂದ ಅಳತೆ (ಬರೀ "ಓಕೆ" ಸಾಲದು), ಹಾಕಿದ ಆಯಿಲ್‌ನ ದರ್ಜೆ ಮತ್ತು ಪ್ರಮಾಣ, ಬದಲಿಸಿದ ಭಾಗಗಳು ಎಲ್ಲವೂ ಅದರಲ್ಲಿರಬೇಕು.

ಸಾಕ್ಷ್ಯ ಕೂಡಿಡುವುದು ಹೀಗೆ

ಕಂಪನಿಯ ಕಡೆಯವರಲ್ಲದ, ಎಂಜಿನ್ ಕೆಲಸ ಬಲ್ಲ ಒಬ್ಬ ತಪಾಸಕರನ್ನು ಜತೆಗೆ ಕರೆದೊಯ್ಯಿರಿ. ಮೊದಲು ಓಡೋಮೀಟರ್, ಡಿಪ್‌ಸ್ಟಿಕ್, ಎಂಜಿನ್ನಿನ ಕೆಳಭಾಗ, ಬ್ಲಾಕಿನ ಎರಡೂ ಬದಿಗಳ ಫೋಟೋ ತೆಗೆಯಿರಿ. ಸ್ಕ್ಯಾನರ್ ಹಾಕಿ ಕೋಡ್‌ಗಳನ್ನೂ, ಆ ಕ್ಷಣದ ವೇಗ, ತಾಪ, ಆರ್‌ಪಿಎಂ ಹೇಳುವ ಫ್ರೀಜ್ ಫ್ರೇಮನ್ನೂ ಪ್ರಿಂಟ್ ಮಾಡಿಸಿ. ಪಿ0524 ಬಂದಿದ್ದರೆ ಆಯಿಲ್ ಒತ್ತಡ ಕುಸಿದಿತ್ತು. ಪಿ0016 ಬಂದಿದ್ದರೆ ಕ್ರ್ಯಾಂಕಿಗೂ ವಾಲ್ವ್‌ಗಳನ್ನು ತೆರೆಯುವ ಕ್ಯಾಮಿಗೂ ಹೊಂದಾಣಿಕೆ ತಪ್ಪಿತ್ತು, ಟೈಮಿಂಗ್ ಚೈನ್ ಕಡೆ ನೋಡಬೇಕು.

ಆಮೇಲೆ ಆಯಿಲ್. ಶುಚಿಯಾದ ಪಾತ್ರೆಗೆ ಇಳಿಸಿ, ಎಷ್ಟು ಬಂತೆಂದು ಅಳೆದು ಬರೆದುಕೊಳ್ಳಿ. ಈ ಒಂದು ಅಂಕಿ ಅರ್ಧ ಜಗಳ ತೀರಿಸುತ್ತದೆ. ಧಾರೆ ನಡುವೆ ಇರುವಾಗ 100 ಮಿ.ಲೀ.ಯಷ್ಟನ್ನು ಒಣ ಬಾಟಲಿಗೆ ಹಿಡಿದು, ಮುಚ್ಚಿ, ಸಹಿ ಹಾಕಿ ಆಯಿಲ್ ಪರೀಕ್ಷಾ ಲ್ಯಾಬಿಗೆ ಕಳಿಸಿ. ತಾಮ್ರ, ಸೀಸ, ತವರ ಹೆಚ್ಚಿದ್ದರೆ ಹಳೆ ಬಗೆಯ ಬೇರಿಂಗ್ ಸವೆದಿದೆ. ಅಲ್ಯೂಮಿನಿಯಂ ಜತೆ ತವರ ಇದ್ದರೆ ಅಲ್ಯೂಮಿನಿಯಂ ಬೇರಿಂಗ್. ಸೋಡಿಯಂ, ಪೊಟ್ಯಾಸಿಯಂ ಹೆಚ್ಚಿದ್ದರೆ ಕೂಲೆಂಟ್ ಬೆರೆತಿರಬಹುದು. ಸಿಲಿಕಾನ್ ಬಂದರೆ ಧೂಳು ಅಥವಾ ಸೀಲೆಂಟ್. ಆಯಿಲ್ ಫಿಲ್ಟರನ್ನು ಫಿಲ್ಟರ್ ಕಟರ್‌ನಿಂದಲೇ ಕತ್ತರಿಸಬೇಕು. ಗರಗಸ ಹಾಕಿದರೆ ಅದರ ಪುಡಿಯೇ ಒಳಗೆ ಬಿದ್ದು ಸಾಕ್ಷ್ಯ ಕೆಡುತ್ತದೆ. ಮಡಿಕೆ ಬಿಡಿಸಿ ಅಯಸ್ಕಾಂತ ಆಡಿಸಿ: ಉಕ್ಕು ಅಂಟುತ್ತದೆ, ಬೇರಿಂಗ್ ಮೇಲ್ಪದರದ ಲೋಹ ಅಂಟುವುದಿಲ್ಲ.

ಕೊನೆಗೆ ಸಂಪ್ ಇಳಿಸಿ ಬೇರಿಂಗ್ ಕ್ಯಾಪ್‌ಗಳನ್ನು ಬಿಚ್ಚಿ ನೋಡುವುದು. ಅದರ ಕೂಲಿ ಎಷ್ಟು, ದೋಷ ರಿಕಾಲ್ ವ್ಯಾಪ್ತಿಯದ್ದೆಂದು ಕಂಡರೆ ಆ ಕೂಲಿ ಯಾರು ಕೊಡಬೇಕು ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ಒಂದೇ ರಾಡಿನ ಬೇರಿಂಗ್ ಪುಡಿಯಾಗಿ ಉಳಿದವು ಚೆನ್ನಾಗಿದ್ದು, ಸಂಪ್‌ನಿಂದ ಬಂದ ಆಯಿಲೂ ನಾಲ್ಕು ಲೀಟರಿನ ಹತ್ತಿರ ಇದ್ದರೆ, ಆ ಒಂದು ದಾರಿಯಲ್ಲಿ ಕಸ ಅಡ್ಡ ಬಂದಿತ್ತು ಎನ್ನುವ ನಿಮ್ಮ ವಾದಕ್ಕೆ ಬಲ ಬರುತ್ತದೆ. ಎಲ್ಲ ಬೇರಿಂಗ್‌ಗಳೂ, ಕ್ಯಾಮ್‌ಶಾಫ್ಟ್ ಕೂರುವ ಜಾಗಗಳೂ ಒಂದೇ ಸಮನೆ ಕಪ್ಪಾಗಿ ಸುಟ್ಟಿದ್ದು ಆಯಿಲ್ ಎರಡು ಲೀಟರ್ ಮಾತ್ರ ಇದ್ದರೆ, ಎಂಜಿನ್ ಆಯಿಲ್ ಇಲ್ಲದೆ ಒಣಗಿದೆ. ಕಳಚಿದ ಭಾಗಗಳನ್ನು ಗುಜರಿಗೆ ಹಾಕದಂತೆ ಬರೆದು ಕೊಟ್ಟು, ಸಾಧ್ಯವಾದರೆ ನಿಮ್ಮ ವಶಕ್ಕೇ ತೆಗೆದುಕೊಳ್ಳಿ.

ಮುಂದಿನ ದಾರಿಗಳು

ಮೊದಲು ಚಾಸಿ ನಂಬರ್ ಹಾಕಿ ರಿಕಾಲ್ ಪಟ್ಟಿ ಮತ್ತೊಮ್ಮೆ ನೋಡಿ. ಒಂದೇ ದೋಷಕ್ಕೆ ಎರಡನೇ ರಿಕಾಲ್ ಬರುವುದು, ಅಥವಾ ಆ ಭಾಗಕ್ಕೆ ಕಂಪನಿ ವಾರಂಟಿ ವಿಸ್ತರಿಸುವುದು ಅಪರೂಪವಲ್ಲ. ಇವೆರಡೂ ಬೇರೆ ಬೇರೆ. ರಿಕಾಲ್ ಮುಗಿದಿದೆ ಎಂದರೂ ವಿಸ್ತರಿತ ವಾರಂಟಿ ಜೀವಂತವಾಗಿರಬಹುದು. ಬೇರಿಂಗ್ ದೋಷಕ್ಕೆ ಸಾಕ್ಷ್ಯ ಸಿಕ್ಕರೆ "ರಿಕಾಲ್ ಪರಿಹಾರ ಫಲ ಕೊಡಲಿಲ್ಲ" ಎಂದು ನೇರವಾಗಿ ತಯಾರಕರ ಗ್ರಾಹಕ ವಿಭಾಗಕ್ಕೆ ಬರೆಯಿರಿ, ಸರ್ವಿಸ್ ಸೆಂಟರಿಗೆ ಮಾತ್ರವಲ್ಲ. ಎಂಜಿನ್ ಕೊಡುವ ತೀರ್ಮಾನ ಸಾಮಾನ್ಯವಾಗಿ ಆಗುವುದು ಅಲ್ಲಿ. ನಿಮ್ಮ ದೇಶದಲ್ಲಿ ವಾಹನ ಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಗೂ ದೂರು ದಾಖಲಿಸಿ. ರಿಪೇರಿಯಾದ ಮೇಲೂ ಕೆಟ್ಟ ಕಾರುಗಳ ದೂರುಗಳು ಸೇರಿದರೆ ಅಂಥ ರಿಕಾಲ್‌ಗಳ ಮರುಪರಿಶೀಲನೆಗೆ ದಾರಿಯಾಗುತ್ತದೆ. ಆಯಿಲ್ ಕೊರತೆಯೇ ಕಾರಣ ಎಂದು ಕಂಡರೂ ಕೈ ಚೆಲ್ಲಬೇಡಿ. ಸರ್ವಿಸ್ ದಾಖಲೆ ಸರಿಯಿದ್ದರೆ ಸೌಜನ್ಯಕ್ಕೆಂದು ಖರ್ಚಿನ ಒಂದು ಪಾಲು ಭರಿಸಲು ಕೇಳಬಹುದು.

ಸ್ವಂತ ಖರ್ಚಿನಲ್ಲೇ ಮಾಡಿಸಬೇಕಾಗಿ ಬಂದರೆ, ಹಳೆ ಎಂಜಿನ್ ಓವರ್‌ಹಾಲ್ ಮಾಡಿಸುವುದು (ಪೂರ್ತಿ ಬಿಚ್ಚಿ ಸರಿಪಡಿಸುವುದು) ಮೇಲ್ನೋಟಕ್ಕೆ ಅಗ್ಗ. ಆದರೆ ಬಿಲ್ಲೆ ತಿರುಗಿಹೋದ ರಾಡ್ ಮತ್ತೆ ಬಳಸಲು ಯೋಗ್ಯವಲ್ಲ. ಕ್ರ್ಯಾಂಕನ್ನು 0.25 ಮಿ.ಮೀ. ಕೆಳಗಿನ ಅಳತೆಗೆ ಗ್ರೈಂಡ್ ಮಾಡಿಸಬಹುದಾದರೂ ಮೇಲ್ಮೈಯನ್ನು ನೈಟ್ರೈಡಿಂಗ್‌ನಿಂದ ಗಟ್ಟಿ ಮಾಡಿದ ಕ್ರ್ಯಾಂಕ್‌ಗಳಲ್ಲಿ ಆ ಪದರವೇ ಹೊರಟುಹೋಗುತ್ತದೆ. ತಯಾರಕರು ಒಪ್ಪುತ್ತಾರೆಯೇ ಎಂದು ಕೈಪಿಡಿ ನೋಡದೆ ಮಾಡಿಸಬೇಡಿ. ಬಿರುಕು ಪರೀಕ್ಷೆ, ಬ್ಲಾಕಿನ ಅಳತೆ ಎಲ್ಲ ಸೇರಿ ಬಿಲ್ ಬೆಳೆಯುತ್ತದೆ.

ಬೇರೆ ಕಾರಿನಿಂದ ತೆಗೆದ ಎಂಜಿನ್ ಬಗ್ಗೆ ಕೇಳಿದ್ದೀರಿ. ಹಾಕಿಸಬಹುದು, ಆದರೆ ಅದೇ ಮಾದರಿ, ಅದೇ ವರ್ಷದ ಎಂಜಿನ್ ಎಂದರೆ ಅದೇ ದೋಷದ ಎಂಜಿನ್ ಆಗಿರಬಹುದು! ಆ ಎಂಜಿನ್ ಸಂಖ್ಯೆ ಮತ್ತು ಅದು ಬಂದ ಕಾರಿನ ಚಾಸಿ ನಂಬರ್ ಎರಡನ್ನೂ ಪಡೆದು, ರಿಕಾಲ್ ವ್ಯಾಪ್ತಿಯಲ್ಲಿದೆಯೇ, ಅದರಲ್ಲಿ ಕೆಲಸ ಆಗಿದೆಯೇ ಎಂದು ನೋಡದೆ ಮುಂಗಡ ಕೊಡಬೇಡಿ. ಕಂಪ್ರೆಷನ್ ಅಳೆಸಿ, ಸಿಲಿಂಡರ್‌ಗಳ ನಡುವೆ ಶೇ. 10–15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸಂಪ್ ಇಳಿಸಿ ಒಂದೆರಡು ಬೇರಿಂಗ್ ನೋಡಲು ಬಿಡದ ಮಾರಾಟಗಾರರಿಂದ ದೂರವಿರಿ. ನಿಮ್ಮ ಪರಿಸ್ಥಿತಿಯಲ್ಲಿ ನಾನು ಮೊದಲು ವಿಚಾರಿಸುವುದು ದೋಷ ತಿದ್ದಿದ ಭಾಗಗಳಿಂದ ಮರುತಯಾರಿಸಿದ, ಲಿಖಿತ ವಾರಂಟಿ ಇರುವ ಎಂಜಿನ್. ದುಬಾರಿ ಹೌದು, ಕಾರಿನ ಬಾಡಿ, ಗೇರ್‌ಬಾಕ್ಸ್, ಸಸ್ಪೆನ್ಷನ್ ಇನ್ನೂ ಐದಾರು ವರ್ಷ ಬಾಳುವಂತಿದ್ದರೆ ಮಾತ್ರ ಅದಕ್ಕೆ ಹಣ ಹಾಕಿ. ತುಕ್ಕು ಹಿಡಿದು ಹಣ್ಣಾಗಿದ್ದರೆ ಇದ್ದ ಸ್ಥಿತಿಯಲ್ಲೇ, ಸತ್ಯ ಹೇಳಿ ಮಾರುವುದೇ ಲೇಸು. ಆದರೆ ತಯಾರಕರ ಉತ್ತರ ಬರುವ ಮೊದಲು ಮಾರಬೇಡಿ. ಕಾರು ಕೈಬಿಟ್ಟ ಮೇಲೆ ತಪಾಸಣೆಯೂ ಇಲ್ಲ, ಪರಿಹಾರ ಕೇಳುವುದೂ ಕಷ್ಟ.

ಯಾವ ಎಂಜಿನ್ ಹಾಕಿಸಿದರೂ ಹಳೆಯ ಆಯಿಲ್ ಕೂಲರನ್ನು ತೊಳೆದು ಬಳಸಲು ಒಪ್ಪಬೇಡಿ, ಅದರ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡ ಲೋಹದ ಪುಡಿ ಪೂರ್ತಿ ಹೋಗುವುದಿಲ್ಲ. ಹೊಸದು ಹಾಕಿಸಿ. ಟರ್ಬೊ ಇದ್ದರೆ ಅದರ ಆಯಿಲ್ ಪೈಪೂ ಹೊಸದಾಗಬೇಕು, ಟರ್ಬೊ ಬೇರಿಂಗ್ ಪರೀಕ್ಷಿಸಬೇಕು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಇಂಧನ ಮತ್ತು ಕಿಡಿ ಎರಡನ್ನೂ ತಡೆದು, ಮೆಕ್ಯಾನಿಕಲ್ ಗೇಜ್‌ನಲ್ಲಿ ಆಯಿಲ್ ಒತ್ತಡ ಕಾಣುವವರೆಗೆ ಬರೀ ಸ್ಟಾರ್ಟರಿನಿಂದ ತಿರುಗಿಸಬೇಕು. ರಿಕಾಲ್‌ನ ಸಾಫ್ಟ್‌ವೇರ್ ಇದೆಯೇ ಎಂದು ಖಚಿತಪಡಿಸಿಕೊಂಡು, 500ರಿಂದ 1,000 ಕಿ.ಮೀ.ಯೊಳಗೆ ಆಯಿಲ್, ಫಿಲ್ಟರ್ ಬದಲಿಸಿ. ಆ ಫಿಲ್ಟರನ್ನೂ ಕತ್ತರಿಸಿ ನೋಡಿ. ಮೊದಲ 5,000 ಕಿ.ಮೀ.ವರೆಗೆ ಪ್ರತಿ 500 ಕಿ.ಮೀ.ಗೊಮ್ಮೆ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ತಾರೀಕು, ಕಿ.ಮೀ., ಹಾಕಿದ ಆಯಿಲ್ ಎಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ.